ಸಹಾಯ ಬೇಕು: ನಿಂತುಹೋದ ವಾರಪತ್ರಿಕೆಯ ವ್ಯಂಗ್ಯಚಿತ್ರಗಳ ಹಕ್ಕು ಯಾರದು?

ಮಾನ್ಯರೇ, ನಮ್ಮೂರಿನ ವಾರಪತ್ರಿಕೆಯೊಂದಕ್ಕೆ ದಶಕಗಳ ಕಾಲ ವ್ಯಂಗ್ಯಚಿತ್ರ ಬರೆದ ಹಿರಿಯರೊಬ್ಬರ ಚಿತ್ರಗಳನ್ನು, ಅವರ ಒಪ್ಪಿಗೆಯೊಂದಿಗೆ, ಪುಸ್ತಕವಾಗಿ ತರಲು ನಾವು ಕೆಲವರು ಹೊರಟಿದ್ದೇವೆ. ಪುರಸಭೆ, ಮಠ, ಜಾತಿ ಸಂಘ, ಯಾವುದನ್ನೂ ಬಿಡದ ಕೈ ಅದು. ಮಳೆನೀರು ತುಂಬಿದ ರಸ್ತೆಗುಂಡಿಗೆ ಅಧ್ಯಕ್ಷರು ಸಪತ್ನೀಕರಾಗಿ ಬಾಗಿನ ಅರ್ಪಿಸುವ ಚಿತ್ರ ಇಲ್ಲಿನ ಕ್ಷೌರದಂಗಡಿಯ ಗೋಡೆಯಲ್ಲಿ ಇಂದಿಗೂ ಇದೆ.

ಮೂಲ ಚಿತ್ರಗಳು ಉಳಿದಿಲ್ಲ, ಹಳೆಯ ಸಂಚಿಕೆಗಳನ್ನೇ ಸ್ಕ್ಯಾನ್ ಮಾಡಬೇಕು. ಆದರೆ ದಿವಂಗತ ಮಾಲೀಕರ ಮಕ್ಕಳು ಹಕ್ಕು ತಮ್ಮದೆನ್ನುತ್ತಿದ್ದಾರೆ. ಮನೆಗೆ ಹೋಗಿ ಮಾತನಾಡಿದರೂ ಪ್ರಯೋಜನವಾಗಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 17(ಎ) ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಯ ನೌಕರ ರಚಿಸಿದ ಕೃತಿಯ ಮೇಲೂ ಮಾಲೀಕರಿಗಿರುವುದು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ, ಉಳಿದದ್ದು ಕಲಾವಿದನದು. ಇವರಂತೂ ನೌಕರರೇ ಅಲ್ಲ. ನೇಮಕಾತಿ ಪತ್ರವಿಲ್ಲ, ಚಿತ್ರಕ್ಕಿಷ್ಟೆಂದು ವೋಚರ್ ಮೇಲೆ ಹಣ ಪಡೆದವರು. ಅದನ್ನೇ ಹಿಡಿದುಕೊಂಡ ಮಾಲೀಕರ ಮಕ್ಕಳ ವಕೀಲರು, ಹಣ ಕೊಟ್ಟು ಬರೆಸಿದ ಪೇಂಟಿಂಗ್ ಹಾಗೂ ಭಾವಚಿತ್ರ ಬರೆಸಿದವರಿಗೇ ಸೇರುತ್ತದೆನ್ನುವ 17(ಬಿ)ಯನ್ನು ಮುಂದಿಡುತ್ತಿದ್ದಾರೆ. ಕಲಾಕೃತಿ ಎಂದರೇನೆಂದು ಹೇಳುವ ಕಾಯ್ದೆಯ ಸೆಕ್ಷನ್ 2(ಸಿ)ಯಲ್ಲಾದರೋ ಪೇಂಟಿಂಗ್ ಬೇರೆ, ಡ್ರಾಯಿಂಗ್ ಬೇರೆ ಎಂದೇ ನಮೂದಾಗಿದೆ.

ಇಂತಹ ಪ್ರಕರಣ ನಡೆಸಿದ ವಕೀಲರು ಅಥವಾ ಪ್ರಕಾಶಕರು ದಯವಿಟ್ಟು ತಿಳಿಸಿ: ಮಸಿಯಲ್ಲಿ ಬರೆದ ವ್ಯಂಗ್ಯಚಿತ್ರಕ್ಕೆ 17(ಬಿ) ಅನ್ವಯಿಸುತ್ತದೆಯೇ? ಕಲಾವಿದರ ಲಿಖಿತ ಅನುಮತಿಯೊಂದನ್ನೇ ನಂಬಿ ಮುದ್ರಣಕ್ಕೆ ಹೋಗಬಹುದೇ?