ವೇದಾವತಿ ಕಣಿವೆ: ಮಾರ್ಚ್‌ನ ಬೀಳು ಹೊಲದಲ್ಲಿ ದಿನಕ್ಕೆ 1.2 ಮಿಮೀ ಇಟಿ ಹೇಗೆ?

ಪ್ರಶ್ನೆ

ನಮಸ್ಕಾರ. ಹಿರಿಯೂರು, ಚಳ್ಳಕೆರೆ ಸುತ್ತಿನ ವೇದಾವತಿ ಕಣಿವೆಗೆ ಇಟಿ ಲೆಕ್ಕ ಹಾಕುತ್ತಿದ್ದೇನೆ. ಮಣ್ಣಿನಿಂದ, ಗಿಡಗಳಿಂದ ಆವಿಯಾಗಿ ಹೋಗುವ ನೀರು ಅಂದರೆ ಅದೇ. ಲ್ಯಾಂಡ್‌ಸ್ಯಾಟ್ 8, ಕಲೆಕ್ಷನ್ 2, ಲೆವೆಲ್ 2 ಉಪಗ್ರಹ ಚಿತ್ರ. ವಿಧಾನ ಸೆಬಾಲ್, ಅಂದರೆ ನೆಲದ ತಾಪಮಾನ, ಶಕ್ತಿಯ ಲೆಕ್ಕದಿಂದ ಇಟಿ ಕಂಡುಹಿಡಿಯುವುದು. ಚಿತ್ರ ಮಾರ್ಚ್ ಮೂರನೇ ವಾರದ್ದು. ನವೆಂಬರ್ ಆದಮೇಲೆ ಒಂದು ಹನಿ ಮಳೆಯಿಲ್ಲ. ಆದರೂ ಶೇಂಗಾ ಕಿತ್ತು ಬಿಟ್ಟ ಹೊಲದಲ್ಲಿ ದಿನಕ್ಕೆ 1.2 ಮಿಮೀ ಬರುತ್ತಿದೆ. ತಿಂಗಳಿಗೆ 37 ಮಿಮೀ ಆಯ್ತು. ಅಷ್ಟು ನೀರು ಆ ಮಣ್ಣಲ್ಲಿ ಎಲ್ಲಿಂದ ಬರಬೇಕು?

ಬಿಸಿ ಪಿಕ್ಸೆಲ್, ಅಂದರೆ ಇಟಿ ಸೊನ್ನೆ ಅಂತ ಇಟ್ಟ ಚುಕ್ಕೆ, 328 ಕೆಲ್ವಿನ್. ಪೂರ್ತಿ ಇಟಿ ಇದೆ ಅಂತ ಇಟ್ಟ ತಂಪು ಪಿಕ್ಸೆಲ್ ಅಡಿಕೆ ತೋಟದಲ್ಲಿದೆ, 304. ಬೀಳು ಹೊಲ 320ರ ಆಸುಪಾಸು. ಬಿಸಿಯದ್ದನ್ನು ಸಾಫ್ಟ್‌ವೇರೇ ಆರಿಸಿತು. ಇನ್ನೊಂದು ವಿಷಯ, ಅಡಿಕೆ ತೋಟಗಳ ಎನ್‌ಡಿವಿಐ (ಹಸಿರು ಎಷ್ಟಿದೆ ಅನ್ನುವ ಸೂಚ್ಯಂಕ) ಯಾಕೋ 0.4 ದಾಟುತ್ತಿಲ್ಲ.

ಉತ್ತರ

ಮೊದಲು ಎನ್‌ಡಿವಿಐ ನೋಡೋಣ. ಬ್ಯಾಂಡ್‌ಗಳನ್ನು (ಚಿತ್ರದ ಒಂದೊಂದು ಬಣ್ಣದ ಪದರ) 0.0000275ರಿಂದ ಗುಣಿಸಿ ಅಲ್ಲಿಗೇ ನಿಲ್ಲಿಸಿದ್ದೀರಿ ಅನ್ನಿಸುತ್ತದೆ. ಆಮೇಲೆ 0.2 ಕಳೆಯಬೇಕು. ತೋಟದ ಕೆಂಪು 0.05, ಅವಗೆಂಪು 0.40 ಇದ್ದರೆ ಎನ್‌ಡಿವಿಐ 0.78. ಕಳೆಯದಿದ್ದರೆ ಅವೇ 0.25, 0.60 ಆಗಿ ಉತ್ತರ 0.41. ನಿಮಗೆ ಬಂದದ್ದೂ ಅದೇ ಅಲ್ವಾ?

ಇದೇ ತಪ್ಪಿನಿಂದ ಆಲ್ಬಿಡೋ (ನೆಲ ವಾಪಸ್ ಕಳಿಸುವ ಬಿಸಿಲಿನ ಪಾಲು) ಕೂಡ ಸುಮಾರು 0.2 ಜಾಸ್ತಿಯಾಗಿ, ನೆಲಕ್ಕೆ ಸಿಗುವ ಶಕ್ತಿ ಕಡಿಮೆ ಕಾಣುತ್ತಿದೆ. ಸರಿ ಮಾಡಿದರೆ ಹೊಲದ ಇಟಿ ಇನ್ನೂ ಏರುತ್ತದೆ. ಗಾಬರಿಯಾಗಬೇಡಿ. ನಿಜವಾದ ತೊಂದರೆ ಬಿಸಿ ಪಿಕ್ಸೆಲ್‌ನಲ್ಲಿದೆ. ಅದು ನೆಲದ ಮೇಲೆ ಎಲ್ಲಿದೆ ಅಂತ ನೋಡಿ ಹೇಳಿ.

ಪ್ರಶ್ನೆ ಕೇಳಿದವರು

ಹೌದು, 0.2 ಕಳೆದಿರಲಿಲ್ಲ. ಈಗ ಹೊಲ 1.8ಕ್ಕೆ ಏರಿತು! ಬಿಸಿ ಪಿಕ್ಸೆಲ್ ಒಂದು ಗುಡ್ಡದ ಪೂರ್ವದ ಇಳಿಜಾರಿನಲ್ಲಿದೆ. ಹುಲ್ಲಿಗೆ ಬೆಂಕಿ ಬಿದ್ದು ಜಾಗ ಕಪ್ಪಾಗಿದೆ.

ಉತ್ತರ

ಸಿಕ್ಕಿತು. ಉಪಗ್ರಹ ಹಾದು ಹೋಗುವುದು ಬೆಳಿಗ್ಗೆ ಹತ್ತೂವರೆ ಸುಮಾರಿಗೆ. ಆಗ ಪೂರ್ವದ ಇಳಿಜಾರಿಗೆ ಬಿಸಿಲು ನೇರವಾಗಿ ಹೊಡೆಯುತ್ತದೆ. ಅದರ ಮೇಲೆ ಸುಟ್ಟ ಕಪ್ಪು. ಬಯಲಿನ ಯಾವ ಹೊಲವೂ ಅಷ್ಟು ಕಾಯುವುದಿಲ್ಲ.

ಸೆಬಾಲ್‌ಗೆ ಬೇಕಾದದ್ದು ಅತಿ ಹೆಚ್ಚು ಬಿಸಿಯಾದ ಜಾಗ ಅಲ್ಲ. ನೀರೇ ಇಲ್ಲದೆ, ಸಿಕ್ಕ ಶಕ್ತಿಯೆಲ್ಲ ಗಾಳಿಯನ್ನು ಕಾಯಿಸಲು ಹೋಗುವ ಸಾಮಾನ್ಯ ಹೊಲ. ಮೇಲಿನ ಮೆಟ್ಟಿಲನ್ನು 328ರಲ್ಲಿ ಇಟ್ಟಿದ್ದಕ್ಕೆ 320ರ ಹೊಲ ಮೂರರಲ್ಲಿ ಎರಡು ಪಾಲು ಮಾತ್ರ ಹತ್ತಿದಂತಾಯಿತು. ಉಳಿದ ಒಂದು ಪಾಲನ್ನು ಲೆಕ್ಕ ಸುಮ್ನೆ ಇಟಿ ಅಂದುಕೊಂಡಿತು. ಬಯಲಿನಲ್ಲಿ, ಸಮತಟ್ಟಾಗಿರುವ, ಉತ್ತು ಬಿಟ್ಟ ದೊಡ್ಡ ಹೊಲ ಹುಡುಕಿ. ತಾಪಮಾನದ ಬ್ಯಾಂಡ್ ಮೂಲದಲ್ಲಿ 100 ಮೀಟರ್‌ನದು, 30 ಅಂತ ಕಂಡರೂ ಅಷ್ಟೇ. ಹಾಗಾಗಿ ಸುತ್ತ ಮುನ್ನೂರು ಮೀಟರ್ ಒಂದೇ ತರಹ ಇರಲಿ. ಅಶ್ವಿನಿ, ಭರಣಿ ಮಳೆ ಬಿದ್ದ ಮೇಲಿನ ಚಿತ್ರವಾದರೆ ಬಿಸಿ ಪಿಕ್ಸೆಲ್‌ನಲ್ಲೂ ಇಟಿ ಸೊನ್ನೆ ಅಂತ ಇಡಬೇಡಿ. ಮೇಲ್ಮಣ್ಣಿನ ತೇವ ಲೆಕ್ಕ ಹಾಕಿ ಕೊಡಿ.

ತಂಪಿನದ್ದು ತೋಟದಲ್ಲೇ ಇರಲಿ. ವಾಣಿವಿಲಾಸ ಸಾಗರದ ನೀರಿನ ಮೇಲೆ ಇಡಲು ಹೋಗಬೇಡಿ. ನೀರು ಬೆಳಗಿನ ಬಿಸಿಲನ್ನು ಒಳಗೆ ಇಳಿಸಿಕೊಳ್ಳುತ್ತದೆ. ಬಾಬಾಬುಡನ್‌ಗಿರಿ ಕಡೆಯ ಕಾಡೂ ಬೇಡ, ಅಲ್ಲಿನ ತಂಪು ಎತ್ತರದ್ದು.

ಪ್ರಶ್ನೆ ಕೇಳಿದವರು

321 ಕೆಲ್ವಿನ್‌ನ ಹೊಲ ಸಿಕ್ಕಿತು. ಬೀಳು ಈಗ 0.3 ಮಿಮೀ. ತುಂಬಾ ಥ್ಯಾಂಕ್ಸ್! ಮಾಡಿಸ್ ಉಪಗ್ರಹ ಉಪಕರಣದಿಂದ ಸಿದ್ಧವಾಗಿ ಸಿಗುವ ಇಟಿ ದತ್ತಾಂಶ ಎಮ್‌ಒಡಿ16 ಜೊತೆ ಹೋಲಿಸಲೇ? ಅದರಲ್ಲಿ ತೋಟಗಳ ಇಟಿ ತೀರಾ ಕಡಿಮೆ ಕಾಣುತ್ತದೆ.

ಉತ್ತರ

ಹೋಲಿಸಿ, ಆದರೆ ಅದನ್ನೇ ಸತ್ಯ ಅನ್ನಬೇಡಿ. ಅದು 8 ದಿನದ ಮೊತ್ತ, 0.1ರಿಂದ ಗುಣಿಸಬೇಕು, 32760ಕ್ಕಿಂತ ಮೇಲಿನ ಅಂಕಿಗಳು ಬರೀ ಖಾಲಿ ಗುರುತು. ನೆಲದ ತಾಪಮಾನವನ್ನು ಅದು ನೋಡುವುದೇ ಇಲ್ಲ. 500 ಮೀಟರ್ ಪಿಕ್ಸೆಲ್‌ನಲ್ಲಿ ತೋಟವೂ ಬೀಳೂ ಬೆರೆತು ಹೋಗುತ್ತವೆ.

ಅದಕ್ಕಿಂತ ವರ್ಷದ ಲೆಕ್ಕ ನೋಡಿ: ಮಳೆ, ಹೊರಗೆ ಹರಿದದ್ದು, ಜಲಾಶಯ ಮತ್ತು ಅಂತರ್ಜಲದ ಏರಿಳಿತ. ಅಣೆಕಟ್ಟು ಕೋಡಿ ಬಿದ್ದ 2022ರಂಥ ವರ್ಷದಲ್ಲಿ ಏರಿಳಿತವನ್ನು ಸೊನ್ನೆ ಅನ್ನಲಾಗದು. ತೋಟಗಳಲ್ಲಿ ಇಟಿ ಮಳೆಗಿಂತ ಜಾಸ್ತಿ ಬಂದರೆ ದಯವಿಟ್ಟು ಅದನ್ನು ತಿದ್ದಬೇಡಿ. ಆ ನೀರು ಕೊಳವೆಬಾವಿಯದ್ದು.