ಪದಚರ್ಚೆ: ‘ಗುರುತು ಹತ್ತುವುದು’, ‘ಚಹರೆ ತಿಳಿಯುವುದು’ – ಕರಾರುಪತ್ರಕ್ಕೆ ಒಗ್ಗುವವೇ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಹಳೆಯ ಸಿಸಿಟಿವಿ ಕ್ಯಾಮೆರಾಗಳನ್ನು ಬದಲಿಸಬೇಕಾಗಿದೆ. ಗುತ್ತಿಗೆದಾರರೊಡನೆ ಮಾಡಿಕೊಳ್ಳುವ ಕರಾರನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಸ್.ಪಿ. ರಸ್ತೆಯಲ್ಲಿ ದರ ವಿಚಾರಿಸಿದರೆ ಎಲ್ಲ ಅಂಗಡಿಗಳಲ್ಲೂ ಒಂದೇ ಮಂತ್ರ: ‘ಫುಲ್ ಎಚ್‌ಡಿ ಸಾರ್’. ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್‌ಗಳಿವೆ ಎಂಬುದಷ್ಟೇ ಅದರ ಅರ್ಥ. ಗೇಟು ದಾಟಿ ಬಂದವನ ಮುಖ ಕಾಣುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಆದ್ದರಿಂದ ‘ಅಧಿಕ ಸ್ಪಷ್ಟತೆ’ ಎಂಬ ಅನುವಾದವನ್ನು ಕರಡಿನಿಂದ ಹೊಡೆದುಹಾಕಿದ್ದೇನೆ.

ಸಿಸಿಟಿವಿ ವ್ಯವಸ್ಥೆಗಳ ಕುರಿತ ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನಕದ 2014ರ ಆವೃತ್ತಿ ಬೇರೆ ಅಳತೆ ಹಿಡಿದಿತ್ತು: ಕಾಣುವ ದೃಶ್ಯದ ಒಂದು ಮೀಟರ್ ಅಗಲಕ್ಕೆ ಎಷ್ಟು ಪಿಕ್ಸೆಲ್? 25 ಇದ್ದರೆ ಯಾರೋ ಬಂದರು ಎನ್ನಬಹುದು. 125 ಇದ್ದರೆ ಮೊದಲೇ ಬಲ್ಲವರು ಯಾರೆಂದು ಹೇಳಬಹುದು. ಅಪರಿಚಿತನನ್ನು ಇವನೇ ಎಂದು ಖಚಿತಪಡಿಸಲು 250 ಬೇಕು. ತೊಡಕಿರುವುದು ಕೊನೆಯ ಎರಡು ಹಂತಗಳಲ್ಲಿ. ಎರಡಕ್ಕೂ ನಾವು ‘ಗುರುತಿಸುವಿಕೆ’ ಎಂದು ಬರೆದುಬಿಡುತ್ತೇವೆ. ಫುಲ್ ಎಚ್‌ಡಿ ಕ್ಯಾಮೆರಾ ಗೇಟಿನ ಬಳಿ 15 ಮೀಟರ್ ಅಗಲವನ್ನು ನೋಡಿದರೆ ಮೀಟರಿಗೆ ಸಿಗುವುದು 128. ಎದುರು ಮನೆಯ ಹುಡುಗನ ಗುರುತು ಹತ್ತೀತು. ಸ್ಕೂಟರ್ ಕದ್ದವನ ಚಹರೆ ತಿಳಿಯದು. ಅದೇ ಕ್ಯಾಮೆರಾವನ್ನು 7 ಮೀಟರಿಗೆ ಬಿಗಿಗೊಳಿಸಿದರೆ 274 ಸಿಗುತ್ತದೆ. (ರಾತ್ರಿಯ ಬೆಳಕು ಸಾಲದಿದ್ದರೆ ಈ ಲೆಕ್ಕವೂ ಕೈಕೊಡುತ್ತದೆ, ಅದಿರಲಿ.) 125ಕ್ಕೆ ‘ಗುರುತು ಹತ್ತುವುದು’, 250ಕ್ಕೆ ‘ಚಹರೆ ತಿಳಿಯುವುದು’ ಎಂದು ಬರೆದಿದ್ದೇನೆ. ಬಲ್ಲವರದಲ್ಲದೆ ಬೇರೆಯವರ ಗುರುತು ಹತ್ತುವುದಿಲ್ಲವಲ್ಲ!

ಇನ್ನೊಂದು ಸಣ್ಣ ಪ್ರಶ್ನೆ. ನಮ್ಮ ಗೋಡೆಗಳೊಳಗೆ ಕೋಆಕ್ಸಿಯಲ್ ಕೇಬಲ್ (ಟಿವಿಗೆ ಎಳೆಯುವಂಥದ್ದು) ಇದೆ. ಎಚ್‌ಡಿ-ಸಿವಿಐ, ಎಚ್‌ಡಿ-ಟಿವಿಐ, ಎಎಚ್‌ಡಿ ಎಂಬ ‘ಅನಲಾಗ್ ಎಚ್‌ಡಿ’ ಪದ್ಧತಿಗಳು ಮೂರೂ ಅದೇ ಕೇಬಲ್ಲಿನಲ್ಲಿ ಓಡುತ್ತವೆ. ಕ್ಯಾಮೆರಾ ಮತ್ತು ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ಬದಲಿಸಿದರೆ ಸಾಕು, ಆದರೆ ಕ್ಯಾಮೆರಾದ ಪದ್ಧತಿಗೂ ಡಿವಿಆರ್‌ಗೂ ಹೊಂದಾಣಿಕೆ ಇರಬೇಕು. ಐಪಿ ಕ್ಯಾಮೆರಾ (ಕಂಪ್ಯೂಟರ್ ನೆಟ್‌ವರ್ಕ್ ಮೂಲಕ ದೃಶ್ಯ ಕಳಿಸುವಂಥದ್ದು) ಎಂದರೆ ಸಾಮಾನ್ಯವಾಗಿ ಹೊಸ ನೆಟ್‌ವರ್ಕ್ ಕೇಬಲ್ ಎಳೆಯಬೇಕು, ಅದೂ ಒಂದೊಂದು ಎಳೆ 100 ಮೀಟರ್ ಮೀರದಂತೆ. ಗೇಟಿಗೆ ಐಪಿ, ಮೆಟ್ಟಿಲು ಮತ್ತು ನೆಲಮಾಳಿಗೆಗೆ ಇರುವ ಕೇಬಲ್ಲೇ ಸಾಕು ಎಂಬುದು ನನ್ನ ಎಣಿಕೆ. ಆದರೆ ‘ಅನಲಾಗ್ ಎಚ್‌ಡಿ’ ಎಂದೊಡನೆ ನಿವಾಸಿಗಳು ಹಳೆಯ ಸರಕೆಂದು ಮೂಗು ಮುರಿಯುತ್ತಾರೆ. ‘ಇರುವ ಕೇಬಲ್ಲಿನ ಎಚ್‌ಡಿ’ ಎಂದು ಬರೆದರೆ ತಪ್ಪಾದೀತೇ?

ಮುಖ್ಯ ಪ್ರಶ್ನೆ ‘ಚಹರೆ’ಯದೇ. ಕಾಣೆಯಾದವರ ಬಗ್ಗೆ ಪೊಲೀಸರು ಕೊಡುವ ಪ್ರಕಟಣೆಗಳಲ್ಲಿ ‘ಚಹರೆ: ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು’ ಎಂದಿರುತ್ತದೆ, ಮೈಬಣ್ಣ, ಮೈಕಟ್ಟೂ ಅದರಲ್ಲೇ ಸೇರಿಕೊಂಡಿವೆ. ಹಾಗಾದರೆ ಮೈಕಟ್ಟು ಕಂಡರೆ ಚಹರೆ ಕಂಡಂತೆಯೇ ಎಂದು ಗುತ್ತಿಗೆದಾರ ನಾಳೆ ವಾದಿಸಬಹುದು. ಇದನ್ನು ತಡೆಯಲು ‘ಮುಖಚಹರೆ’ ಎಂದೇ ಬರೆಯಬೇಕೇ, ಅಥವಾ ಅದು ದ್ವಿರುಕ್ತಿಯಾಗುತ್ತದೆಯೇ? ಕೋರ್ಟು ಕಚೇರಿಗಳ ಕನ್ನಡ ಬಲ್ಲವರು ತಿಳಿಸಬೇಕು.