ಗಳಲೆ (ಗಂಟಲು ಬೇನೆ) ಲಸಿಕೆ ಹಾಕಿಸಿದ್ದರೂ ಮರಿಗಳು ಕೆಮ್ಮಿ ಸಾಯುತ್ತಿವೆ, ಯಾಕೆ?

ಹಿರಿಯೂರು ಕುರಿಗಾರ:
ನಮ್ಮವು ಬಳ್ಳಾರಿ ಕುರಿ. ಚಳಿ ಶುರುವಾದಾಗಿನಿಂದ ಒಂದೆರಡು ತಿಂಗಳ ಮರಿಗಳಿಗೆ ಕೆಮ್ಮು, ಗೊಣ್ಣೆ, ಏದುಸಿರು. ನಾಲ್ಕು ಸತ್ತವು. ಒಂದಂತೂ ಸಂಜೆ ಹಾಲು ಕುಡಿದಿತ್ತು, ಬೆಳಿಗ್ಗೆ ಹೆಣ. ದೊಡ್ಡ ಕುರಿಗಳಿಗೆ ಏನೂ ಆಗಿಲ್ಲ. ಮಳೆಗಾಲಕ್ಕೆ ಮುಂಚೆಯೇ ಗಳಲೆ ಲಸಿಕೆ ಹಾಕಿಸಿದ್ದೆ. ಪೆನ್ಸಿಲಿನ್ ಕೊಟ್ಟರೂ ನಾಟಲಿಲ್ಲ. ಇದು ಹಿರೇಬೇನೆನಾ?

ನಿವೃತ್ತ ಪಶುವೈದ್ಯ:
ಮೊದಲು ಮರಿಯ ಬಾಯಿ ತೆರೆದು ನೋಡಿ. ಒಸಡು, ನಾಲಿಗೆ ಮೇಲೆ ಹುಣ್ಣು, ಜೊತೆಗೆ ಭೇದಿ ಇದ್ದರೆ ಹಿರೇಬೇನೆ, ಅಂದರೆ ಪಿಪಿಆರ್ ಎಂಬ ವೈರಸ್ ಅಂಟುರೋಗದ ಅನುಮಾನ. ಆಗ ತಡಮಾಡದೆ ಆಸ್ಪತ್ರೆಗೆ ತಿಳಿಸಿ.

ಅದಿಲ್ಲದಿದ್ದರೆ ಕೇಳಿ. ಗಳಲೆ ಲಸಿಕೆ ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾಕ್ಕೆ. ಮರಿಗಳ ಶ್ವಾಸಕೋಶಕ್ಕೆ ಬೀಳುವುದು ಹೆಚ್ಚಾಗಿ ಮ್ಯಾನ್‌ಹೀಮಿಯಾ ಹೀಮೋಲಿಟಿಕಾ ಎಂಬ ಬೇರೆ ಬ್ಯಾಕ್ಟೀರಿಯಾ. ಆ ಲಸಿಕೆ ಇದನ್ನು ತಡೆಯುವುದಿಲ್ಲ. ಇದು ಹೊರಗಿನಿಂದ ಬರಬೇಕಾಗಿಲ್ಲ, ಗಟ್ಟಿಮುಟ್ಟಾದ ತಾಯಿಯ ಗಂಟಲಲ್ಲೇ ಇರುತ್ತದೆ. ವೈರಸ್ಸೋ, ದೂಳೋ, ಘಾಟೋ ಮರಿಯ ಉಸಿರಿನ ದಾರಿ ಕೆಡಿಸಿದಾಗ ಕೆಳಗಿಳಿಯುತ್ತದೆ. ಅದು ಬಿಡುವ ವಿಷ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತದೆ. ರಾತ್ರೋರಾತ್ರಿ ಸಾವು ಹಾಗೇ ಆಗುವುದು.

ವಾರಗಟ್ಟಲೆ ಸುಮ್ನೆ ಕೆಮ್ಮುತ್ತಾ ಸೊರಗುವ ಮರಿಗಳಲ್ಲಿ ಮೈಕೋಪ್ಲಾಸ್ಮಾ ಎಂಬ ಇನ್ನೊಂದು ರೋಗಾಣು ಇರಬಹುದು. ಪೆನ್ಸಿಲಿನ್ ರೋಗಾಣುವಿನ ಕೋಶದ ಗೋಡೆ ಒಡೆಯುವ ಔಷಧಿ. ಇದಕ್ಕೆ ಗೋಡೆಯೇ ಇಲ್ಲ, ಇನ್ನೇನು ಒಡೆಯುತ್ತದೆ?

ಇನ್ನೊಂದು ಸತ್ತರೆ ಹೂಳಬೇಡಿ, ವೈದ್ಯರಿಂದ ಕೊಯ್ಯಿಸಿ. ಶ್ವಾಸಕೋಶದ ಮುಂದಿನ ಕೆಳತುದಿ ಲಿವರ್‌ನಂತೆ ಕಡುಗೆಂಪಾಗಿ ಗಟ್ಟಿಯಾಗಿರುತ್ತದೆ. ಅಲ್ಲಿಂದ ಒಂದು ಚೂರು ನೀರಿಗೆ ಹಾಕಿದರೆ ಮುಳುಗುತ್ತದೆ, ಒಳಗೆ ಗಾಳಿಯೇ ಇರುವುದಿಲ್ಲ. ಪಕ್ಕದ ಚೂರು ಐಸಿನಲ್ಲಿ ಲ್ಯಾಬ್‌ಗೆ ಹೋಗಲಿ. ಆಮೇಲೆ ಔಷಧಿ ಮಾತು.

ಅಂದಹಾಗೆ, ಹಟ್ಟಿಗೆ ಟಾರ್ಪಾಲ್ ಕಟ್ಟಿದ್ದೀರಾ?

ಹಿರಿಯೂರು ಕುರಿಗಾರ:
ನಾಲ್ಕೂ ಕಡೆ, ನೆಲ ಮುಟ್ಟುವ ಹಾಗೆ. ಚಳಿ ಜಾಸ್ತಿ ಅಲ್ವಾ ಸಾರ್.

ನಿವೃತ್ತ ಪಶುವೈದ್ಯ:
ನಾಳೆ ಬೆಳಿಗ್ಗೆ ಅದನ್ನು ಎತ್ತುವ ಮೊದಲು ಒಳಗೆ ಹೋಗಿ. ಮರಿಯ ಮೂಗಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆಯಿರಿ. ನಿಂತಾಗ ಗೊತ್ತಾಗದ ಉಚ್ಚೆ ಘಾಟು ಅಲ್ಲಿ ಕಣ್ಣುರಿಸುತ್ತದೆ. ಕೆಳಗೆ ಮುಚ್ಚಿರಲಿ, ಮೇಲೆ ಒಂದು ಮೊಳ ತೆರೆದುಬಿಡಿ. ಒಣ ಹುಲ್ಲು ಹಾಸಿ. ಚಳಿಗಿಂತ ಈ ಘಾಟೇ ಜಾಸ್ತಿ ಮರಿ ತಿನ್ನುವುದು.

ಮಂಡ್ಯ ಹೈನುಗಾರ:
ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಕರುಗಳಿಗೂ ಕೆಮ್ಮು. ಒಂದರ ಕಿವಿ ಜೋತುಬಿದ್ದಿದೆ. ಎಣ್ಣೆ ಕುಡಿಸಿ ಅಂತಾರೆ.

ನಿವೃತ್ತ ಪಶುವೈದ್ಯ:
ಆ ಕಿವಿಯನ್ನು ವೈದ್ಯರಿಗೆ ತಪ್ಪದೆ ತೋರಿಸಿ. ಕೆಮ್ಮಿನ ಜೊತೆ ಕಿವಿ ಜೋತರೆ, ಮಂಡಿ ಊದಿದರೆ ಮೈಕೋಪ್ಲಾಸ್ಮಾ ಬೋವಿಸ್ ಇರಬಹುದು. ಆ ಕರುವಿಗೆ ಬೇರೆ ಬಕೆಟ್ ಇಡಿ, ಹಾಲು ಕೊನೆಗೆ ಕುಡಿಸಿ. ಎಣ್ಣೆ ಮಾತ್ರ ಬೇಡ. ಕೆಮ್ಮುವ ಕರುವಿನ ಬಾಯಿಗೆ ಗೊಟ್ಟ (ಕುಡಿಸುವ ಕೊಳವೆ) ಹಾಕಿದರೆ ಎಣ್ಣೆ ನೇರ ಶ್ವಾಸಕೋಶಕ್ಕೆ ಹೋಗಬಹುದು.